ಅಜ್ಜನ ಶಾಲೆ ರಿಜಿಸ್ಟರಿನ ಜಾತಿ ಕಾಲಂ ಓದುವುದು ಹೇಗೆ?

ಹೋದ ವರ್ಷ ನಮ್ಮ ಮಾವನಿಗೆ ಯಾವುದೋ ಸರ್ಟಿಫಿಕೇಟಿಗೆ ಅಜ್ಜನ ಶಾಲೆ ದಾಖಲೆ ಬೇಕಾಯಿತು. ದಾವಣಗೆರೆಯಿಂದ ಬೆಳಗಿನ ಬಸ್ಸು ಹಿಡಿದು ಹರಪನಹಳ್ಳಿ ಕಡೆಯ ಒಂದು ಹಳೇ ಶಾಲೆಗೆ ಹೋದೆವು. ಹೆಡ್‌ಮಾಸ್ತರು ಬೀರು ತೆಗೆದು ದಾಖಲಾತಿ ರಿಜಿಸ್ಟರ್ ಕೊಟ್ಟರು, ಅಂಚೆಲ್ಲ ಗೆದ್ದಲು ತಿಂದಿತ್ತು. ಅಜ್ಜನ ಹೆಸರು ಸಿಕ್ಕಿತು. ಜಾತಿ ಕಾಲಂನಲ್ಲಿ ಜಾತಿ ಹೆಸರಿಗೆ ಮೊದಲು ‘ದೊಂಗ’ ಅಂತ ಬರೆದು, ಆಮೇಲೆ ಯಾರೋ ಬೇರೆ ಶಾಯಿಯಲ್ಲಿ ಅದನ್ನು ಹೊಡೆದು ಹಾಕಿದ್ದರು. ದೊಂಗ ಅಂದರೆ ತೆಲುಗಿನಲ್ಲಿ ಕಳ್ಳ. ಆರು ವರ್ಷದ ಹುಡುಗನ ಹೆಸರಿನ ಮುಂದೆ!

ಮಾವ ತಮಗೆ ಬೇಕಾದ ಜೆರಾಕ್ಸ್ ತಗೊಂಡು ಎದ್ದರು. ನಾನು ಮಾತ್ರ ಆ ಕಾಲಂ ಹಿಂದೆ ಬಿದ್ದೆ. ನಿಮ್ಮ ಮನೆಯಲ್ಲೂ ಇಂಥ ಕಾಗದ ಇದ್ದರೆ ಹೇಗೆ ಓದಬೇಕು ಅಂತ ಬರೆಯುತ್ತಿದ್ದೇನೆ.

ಮೊದಲು ಊರು ಆಗ ಯಾರ ಆಡಳಿತದಲ್ಲಿತ್ತು ನೋಡಿ. ಇದನ್ನು ಬಿಟ್ಟರೆ ಮುಂದೆ ಎಲ್ಲ ತಪ್ಪುತ್ತೆ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು, ಚನ್ನಗಿರಿ ಹೊನ್ನಾಳಿ ಶಿವಮೊಗ್ಗಕ್ಕೆ. ಇವೆಲ್ಲ ಮೈಸೂರು ಸಂಸ್ಥಾನ. ಈಗ ವಿಜಯನಗರ ಜಿಲ್ಲೆಯಲ್ಲಿರುವ ಹರಪನಹಳ್ಳಿ ಮಾತ್ರ ಬಳ್ಳಾರಿಯ ಜೊತೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಂದರೆ ನೇರ ಬ್ರಿಟಿಷರ ಕಾನೂನು. ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ, ಆದರೆ ಸರ್ಕಾರ ಬೇರೆ, ರಿಜಿಸ್ಟರಿನ ಭಾಷೆಯೂ ಬೇರೆ. ಇನ್ನೊಂದು ಮಾತು, ಮೈಸೂರನ್ನೂ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳೇ ಆಳಿದ್ದರು. ಹಳೇ ಇಂಗ್ಲಿಷ್ ದಾಖಲೆ ಹುಡುಕುವವರು ಚಿತ್ರದುರ್ಗ ಅಂತ ಹುಡುಕಬೇಡಿ, ಏನೂ ಸಿಗಲ್ಲ. ‘ಚಿತಾಲ್‌ಡ್ರೂಗ್’ ಅಂತ ಹುಡುಕಿ.

ಆಮೇಲೆ ಪದ ನೋಡಿ ಕಾಲ ಹಿಡಿಯಿರಿ. ಹುಟ್ಟಿದ ದಿನಾಂಕ ನಂಬಬೇಡಿ, ಮಾಸ್ತರು ಅಂದಾಜಿನ ಮೇಲೆ ಜೂನ್ 1 ಅಂತ ಬರೆದುಬಿಡುತ್ತಿದ್ದರು. ನಮ್ಮ ಅಜ್ಜನೂ ಅವರ ತಮ್ಮನೂ ಇಬ್ಬರೂ ಜೂನ್ ಒಂದಕ್ಕೇ ಹುಟ್ಟಿದವರು. ಜಾತಿ ಪದ ಅದಕ್ಕಿಂತ ವಾಸಿ. ‘ಪಂಚಮ’ (ನಾಲ್ಕು ವರ್ಣದ ಹೊರಗಿನವರು, ಐದನೆಯವರು) ಅಂತಿದ್ದರೆ ಸಾಮಾನ್ಯವಾಗಿ ಹಳೆಯದು. ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಅನ್ನುವುದು 1920ರ ಆಸುಪಾಸಿನಿಂದ ಸರ್ಕಾರಿ ಕಾಗದಕ್ಕೆ ಬಂತು. ‘ಹರಿಜನ’ ಅಂತಿದ್ದರೆ 1930ರ ದಶಕ ಅಥವಾ ಆಮೇಲೆ. ‘ಪರಿಶಿಷ್ಟ’ ಅಂತ ಕಂಡರೆ ಹೆಚ್ಚಾಗಿ ಸ್ವಾತಂತ್ರ್ಯ ಬಂದ ಮೇಲಿನದು.

ಇಲ್ಲಿ ಸ್ವಲ್ಪ ನಿಲ್ಲಿ. ಆ ‘ಆದಿ’ ಎಲ್ಲಿಂದ ಬಂತು ಗೊತ್ತಾ? ಆರ್ಯರು ಹೊರಗಿಂದ ಬಂದವರು, ದ್ರಾವಿಡರು ಮೊದಲಿನಿಂದ ಇದ್ದವರು, ಜಾತಿ ಅಂದರೆ ರಕ್ತದ ಲೆಕ್ಕ ಅಂತ ಯುರೋಪಿನ ಪಂಡಿತರು ಒಂದು ಜನಾಂಗದ ಕತೆ ಕಟ್ಟಿದ್ದರು. 1901ರ ಜನಗಣತಿ ಕಮಿಷನರ್ ಹರ್ಬರ್ಟ್ ರಿಸ್ಲಿ ಅಂತೂ ಜನರ ಮೂಗು ಅಳೆಯುವುದರಲ್ಲೇ ಹೆಸರು ಮಾಡಿದವನು. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು, ಸಂಖ್ಯೆ ದೊಡ್ಡದಾದಷ್ಟೂ ಜಾತಿ ಕೆಳಗೆ! ಇಡೀ ದೇಶವನ್ನು ಏಳು ಜನಾಂಗದ ಮಾದರಿಗಳಾಗಿ ಹಂಚಿಬಿಟ್ಟ. ಆ ಗಣತಿಯ ಫಾರಮ್ಮಿನಲ್ಲಿ ಹಿಂದೂ, ಜೈನರಿಗೆ ‘ಜಾತಿ’, ಉಳಿದವರಿಗೆ ‘ಬುಡಕಟ್ಟು ಅಥವಾ ಜನಾಂಗ’ ಅಂತ ಒಂದೇ ಕಾಲಂ ಇತ್ತು. ಕೀಳು ಅನ್ನಿಸಿಕೊಂಡವರು ಅದೇ ಕತೆಯನ್ನು ತಿರುಗಿಸಿ, ಹಾಗಾದರೆ ಈ ನೆಲದ ಮೊದಲಿಗರು ನಾವೇ ಅಲ್ವಾ ಅಂದರು. ಆ ‘ಆದಿ’ ಬೈಗುಳ ಅಲ್ಲ, ಅವರೇ ಕೇಳಿ ಪಡೆದ ಹೆಸರು. ರಿಜಿಸ್ಟರಿನಲ್ಲಿ ಕಂಡಾಗ ಹಾಗೇ ಓದಿ.

‘ದೊಂಗ’ ಮಾತ್ರ ಯಾರೂ ಕೇಳಿ ಪಡೆದಿದ್ದಲ್ಲ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮಾಡಿದರು. ನೇಕಾರನ ಮಗ ನೇಕಾರ ಆಗುವ ಹಾಗೆ ಕಳ್ಳನ ಮಗ ಕಳ್ಳನೇ ಆಗುತ್ತಾನೆ, ಅದು ಹುಟ್ಟಿನಿಂದಲೇ ಬರುವುದು ಅನ್ನುವುದು ಅವರ ವಾದ. ಮೊದಲು ಉತ್ತರ ಭಾರತಕ್ಕೆ, 1911ರ ಹೊಸ ಕಾಯ್ದೆಯಿಂದ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕೊರಚರಂಥವರು ಕತ್ತೆ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದರು. ರೈಲು ಬಂದು, ಉಪ್ಪು ಸರ್ಕಾರದ ಕೈಗೆ ಹೋಗಿ ಆ ಕಸುಬು ಹಾಳಾಯಿತು. ಆಮೇಲೆ, ಇವರು ಯಾಕೆ ಸುಮ್ನೆ ತಿರುಗುತ್ತಾರೆ ಅಂತ ಪೊಲೀಸರ ಪಟ್ಟಿಗೆ ಸೇರಿಸಿದರು. ಬೆರಳಚ್ಚು, ಠಾಣೆಯಲ್ಲಿ ಹಾಜರಿ, ಊರು ಬಿಡಲು ಪಾಸು.

ಶಾಲೆಗೂ ಇದಕ್ಕೂ ಏನು ಸಂಬಂಧ ಅಂದರೆ, 1911ರ ಕಾಯ್ದೆಯಲ್ಲೇ ಇತ್ತು: 6 ದಾಟಿದ, 18 ತುಂಬದ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಕೈಗಾರಿಕೆ, ಬೇಸಾಯ ಅಥವಾ ಸುಧಾರಣಾ ಶಾಲೆಗೆ ಹಾಕಬಹುದು. ಓದಿಸುವುದಕ್ಕಲ್ಲ, ಅಪ್ಪಅಮ್ಮನ ‘ಚಾಳಿ’ ಬಿಡಿಸುವುದಕ್ಕೆ. ಹಾಗಾಗಿ ಒಂದು ಹುಡುಗನ ಹೆಸರು ನಡುವೆ ಕಾಣೆಯಾಗಿದ್ದರೆ, ಓದು ಬಿಟ್ಟ ಅಂತ ತಕ್ಷಣ ತಿಳಿಯಬೇಡಿ. ಷರಾ ಕಾಲಂ ನೋಡಿ, ‘ಸೆಟ್ಲ್‌ಮೆಂಟ್’ (ಪಟ್ಟಿಯಲ್ಲಿದ್ದವರನ್ನು ಕಾವಲಿನಲ್ಲಿ ಇಡುತ್ತಿದ್ದ ವಸತಿ) ಅಂತ ಏನಾದರೂ ಇದೆಯಾ ನೋಡಿ. ಹುಬ್ಬಳ್ಳಿಯಲ್ಲಿ ಆ ಹೆಸರಿನ ಜಾಗ ಇವತ್ತಿಗೂ ಇದೆ. ಇಡೀ ದೇಶದಲ್ಲಿ ಕಾಯ್ದೆ ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ. ಅಜ್ಜನ ರಿಜಿಸ್ಟರಿನಲ್ಲಿ ‘ದೊಂಗ’ ಹೊಡೆದವರು ಯಾರೋ, ಆಮೇಲೇ ಹೊಡೆದಿರಬೇಕು ಅಂತ ನನ್ನ ಅಂದಾಜು.

ಹಾಗಂತ ಎಲ್ಲ ತಪ್ಪನ್ನೂ ಬ್ರಿಟಿಷರ ತಲೆಗೆ ಕಟ್ಟಿ ಕೂರಬೇಡಿ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ, ಅಸ್ಪೃಶ್ಯರು ಅನ್ನಿಸಿಕೊಂಡ ಮಹಾರ್ ಜಾತಿಯ ಹುಡುಗನನ್ನು ವಾಪಸ್ ಕಳಿಸಿದರು. ಒಬ್ಬನಿಗೋಸ್ಕರ ಉಳಿದವರು ಶಾಲೆ ಬಿಟ್ಟರೆ ಏನು ಗತಿ ಅನ್ನುವುದು ಸರ್ಕಾರದ ಲೆಕ್ಕ. ಆ ಭಯ ಹುಟ್ಟಿಸಿದ್ದು ಮಾತ್ರ ನಮ್ಮ ಊರಿನವರೇ. ಸರ್ಕಾರಿ ಶಾಲೆ ಎಲ್ಲರಿಗೂ ಅಂತ ಲಂಡನ್ನಿನಿಂದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1858ರಲ್ಲಿ ಬರೆದರೂ, ಮಕ್ಕಳು ಜಗಲಿ ಮೇಲೆ ಕೂರುವುದು ಎಷ್ಟೋ ಕಾಲ ತಪ್ಪಲಿಲ್ಲ.

ಅದೇ ಕಾಲಂಗೆ ಇನ್ನೊಂದು ಮುಖವೂ ಇದೆ. ಮೈಸೂರಿನಲ್ಲಿ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ಕೂತಾಗ, ಯಾರು ಓದಿದ್ದಾರೆ, ಯಾರಿಗೆ ಕೆಲಸ ಸಿಕ್ಕಿಲ್ಲ ಅಂತ ಜಾತಿವಾರು ಲೆಕ್ಕ ಮುಂದಿಟ್ಟುಕೊಂಡೇ ಹಿಂದುಳಿದವರಿಗೆ ಶಾಲೆ, ಕೆಲಸದಲ್ಲಿ ಪಾಲು ಕೊಡಿ ಅಂತ ಹೇಳಲು ಸಾಧ್ಯವಾಯಿತು. ನಮ್ಮ ಮಾವ ಹರಪನಹಳ್ಳಿಗೆ ಹೋಗಿದ್ದೂ ಅದೇ ಕಾಲಂ ತೋರಿಸಿ ಸರ್ಟಿಫಿಕೇಟ್ ಪಡೆಯುವುದಕ್ಕೇ.

ಇನ್ನು ಕೆಲಸದ ಮಾತು. ಜೂನ್‌ನಲ್ಲಿ ಹೋಗಬೇಡಿ, ಅಡ್ಮಿಷನ್ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿರಲ್ಲ. ಹೆಡ್‌ಮಾಸ್ತರು ಆಗಲ್ಲ ಅಂದರೆ ಜಗಳ ಬೇಡ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಮನೆಯ ಹಿರಿಯರಿಗೆ ತೋರಿಸುವ ಮುಂಚೆ ಕೇಳಿ. ನಮ್ಮ ಅಜ್ಜಿ ಆ ಪದ ಕೇಳಿ ಅರ್ಧ ದಿನ ಮಾತಾಡಲಿಲ್ಲ. ಫೋಟೊ ತೆಗೆಯುವಾಗ ನಿಮ್ಮವರ ಸಾಲು ಬಿಟ್ಟು ಉಳಿದ ಸಾಲಿನ ಮೇಲೆ ಬಿಳಿ ಹಾಳೆ ಇಡಿ. ಅದೇ ಪುಟದಲ್ಲಿ ಪಕ್ಕದ ಮನೆಯವರ ಅಜ್ಜನೂ ಇರುತ್ತಾರೆ, ವಾಟ್ಸಾಪ್ ಗ್ರೂಪಿಗೆ ಹಾಕಬೇಕಾ ಬೇಡವಾ ಅಂತ ಹೇಳಬೇಕಾದವರು ಅವರ ಮನೆಯವರು.