ಡಬ್ಲಿನ್‌ಗೆ ಬಂದ ಆಫೀಸ್ ಅತಿಥಿಗಳಿಗೆ ಒಂದು ಐರಿಶ್ ಸಂಜೆ

ಡಬ್ಲಿನ್‌ನಲ್ಲಿ ಕೆಲಸ ಮಾಡುವವರಿಗೆ ಈ ಜವಾಬ್ದಾರಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬೆಂಗಳೂರಿನಿಂದ ಇಬ್ಬರು, ಜರ್ಮನಿಯಿಂದ ಇಬ್ಬರು ಮೀಟಿಂಗಿಗೆ ಬಂದಿರುತ್ತಾರೆ. "ಸಂಜೆ ಎಲ್ಲಾದರೂ ಕರೆದುಕೊಂಡು ಹೋಗಿ, ಇಲ್ಲಿಯ ಊಟ ತೋರಿಸಿ" ಎಂದು ಮ್ಯಾನೇಜರ್ ನಿಮಗೇ ಹೇಳುತ್ತಾರೆ. ಗಾಬರಿ ಬೇಡ. ಕುಡಿಯದವರು, ಮಾಂಸ ತಿನ್ನದವರು ಮೂಲೆಯಲ್ಲಿ ಸುಮ್ನೆ ಕೂರುವ ಹಾಗೆ ಆಗದಿದ್ದರೆ ಸಂಜೆ ಅರ್ಧ ಗೆದ್ದ ಹಾಗೆ.

ಮೊದಲು ವಿಚಾರಿಸಿ

ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮೆಸೇಜ್ ಮಾಡಿ, ಏನು ತಿನ್ನುವುದಿಲ್ಲ ಎಂದು ಕೇಳಿ. ಎಲ್ಲರ ಎದುರು ಕೇಳಿದರೆ ನಮ್ಮವರು "ಏನಾದ್ರೂ ಪರವಾಗಿಲ್ಲ" ಎಂದುಬಿಡುತ್ತಾರೆ. ಬೆಂಗಳೂರಿನಿಂದ ಬಂದಿದ್ದ ಹಿರಿಯರೊಬ್ಬರು ಹಾಗೆ ಹೇಳಿ, ಎರಡು ಗಂಟೆ ಬರೀ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೂತಿದ್ದರು. ಅವರ ತಟ್ಟೆ ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ.

ಟೇಬಲ್ ಸಂಜೆ ಆರೂವರೆಗೇ ಬುಕ್ ಮಾಡಿ. ಪಬ್ ತಡರಾತ್ರಿವರೆಗೆ ತೆರೆದಿದ್ದರೂ ಅಡುಗೆಮನೆ ಸಾಮಾನ್ಯವಾಗಿ ಒಂಬತ್ತರ ಹೊತ್ತಿಗೆ ಮುಚ್ಚುತ್ತದೆ. ಒಮ್ಮೆ ವಿಮಾನ ತಡವಾಗಿ, ಒಂಬತ್ತೂಕಾಲಿಗೆ ಅತಿಥಿಗಳ ಜೊತೆ ಒಂದು ಪಬ್ಬಿಗೆ ಹೋದೆ. ಒಲೆ ಆರಿತ್ತು. ಮಳೆಯಲ್ಲಿ ನಾಲ್ಕು ಬೀದಿ ಸುತ್ತಿ, ಕೊನೆಗೆ ಚಿಪ್ಸ್ (ಇಲ್ಲಿ ಹಾಗೆಂದರೆ ಫ್ರೆಂಚ್ ಫ್ರೈಸ್) ಅಂಗಡಿಯ ಮುಂದೆ ನಿಂತೇ ತಿಂದೆವು.

ಏನು ತಿನ್ನಿಸಬೇಕು?

ಐರಿಶ್ ಸ್ಟ್ಯೂ ಎಲ್ಲರಿಗೂ ಗೊತ್ತು. ಕುರಿಮಾಂಸ, ಆಲೂಗಡ್ಡೆ, ಈರುಳ್ಳಿ, ನಿಧಾನ ಉರಿ. ಕೆಲವು ಕಡೆ ಗಿನ್ನೆಸ್ ಎಂಬ ಕಪ್ಪು ಬಿಯರ್ ಹಾಕಿದ ದನದ ಮಾಂಸದ ಸ್ಟ್ಯೂ ಕೊಡುತ್ತಾರೆ. ಯಾವುದು ಎಂದು ಮೊದಲೇ ಕೇಳಿ. ಕಾಡಲ್ ಡಬ್ಲಿನ್ನಿನದೇ ಅಡುಗೆ. ಹಂದಿ ಸಾಸೇಜ್, ಬೇಕನ್, ಆಲೂಗಡ್ಡೆಯನ್ನು ನೀರಲ್ಲೇ ಬೇಯಿಸುತ್ತಾರೆ. ನೋಡಲು ಪೇಲವ, ಚಳಿಗೆ ಹಿತ.

ನನ್ನ ಪ್ರಕಾರ ಅತಿಥಿಗಳ ಮುಂದೆ ಇಡಲೇಬೇಕಾದದ್ದು ಕಾಲ್‌ಕ್ಯಾನನ್. ಬೇಯಿಸಿ ಕಿವುಚಿದ ಆಲೂಗಡ್ಡೆಗೆ ಕೇಲ್ ಸೊಪ್ಪು ಇಲ್ಲವೇ ಕೋಸು, ಹಾಲು, ಬೆಣ್ಣೆ ಸೇರಿಸುತ್ತಾರೆ. ಹಳೆಯ ಕ್ರಮದಲ್ಲಿ ನಡುವೆ ಒಂದು ಗುಳಿ ಮಾಡಿ ಬೆಣ್ಣೆ ಇಡುತ್ತಾರೆ. ಬೆಣ್ಣೆ ಕರಗಿ ಹಳದಿ ಕೊಳದಂತೆ ನಿಲ್ಲುತ್ತದೆ. ಅಂಚಿನಿಂದ ತೆಗೆದು, ಅದರಲ್ಲಿ ಅದ್ದಿ ತಿನ್ನಬೇಕು. ಮುದ್ದೆ ಮುರಿದು ಸಾರಿಗೆ ಅದ್ದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಬಾಕ್ಸ್ಟಿ ಎಂದರೆ ತುರಿದ ಹಸಿ ಆಲೂಗಡ್ಡೆ, ಬೆಂದ ಆಲೂಗಡ್ಡೆ, ಹಿಟ್ಟು, ಮಜ್ಜಿಗೆ ಕಲೆಸಿ ಕಾವಲಿಯ ಮೇಲೆ ಮಾಡುವ ದಪ್ಪ ದೋಸೆ. ಅಣಬೆ ಹಾಕಿದ್ದು ಸಿಕ್ಕರೆ ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬ ಊಟ. ಸೋಡಾ ಬ್ರೆಡ್ಡಿಗೆ ಯೀಸ್ಟ್ ಇಲ್ಲ. ಅಡುಗೆ ಸೋಡಾ ಮತ್ತು ಹುಳಿ ಮಜ್ಜಿಗೆ ಸೇರಿ ಅದನ್ನು ಉಬ್ಬಿಸುತ್ತವೆ.

ಸಸ್ಯಾಹಾರಿಗಳ ಪರವಾಗಿ ನೀವೇ ಕೇಳಬೇಕಾದ ಪ್ರಶ್ನೆಗಳಿವೆ. ತರಕಾರಿ ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿದ್ದಾರಾ? ಚಿಪ್ಸ್ ಕರಿದದ್ದು ದನದ ಕೊಬ್ಬಿನಲ್ಲಾ? ಬ್ಲ್ಯಾಕ್ ಪುಡ್ಡಿಂಗ್ ಎಂದರೆ ಸಿಹಿ ಎಂದುಕೊಳ್ಳುವವರಿದ್ದಾರೆ. ಅದರಲ್ಲಿರುವುದು ಹಂದಿಯ ರಕ್ತ. ವೈಟ್ ಪುಡ್ಡಿಂಗಿನಲ್ಲಿ ರಕ್ತ ಇಲ್ಲ, ಮಾಂಸ ಇದೆ.

ಪಬ್ಬಿನ ರೀತಿ ರಿವಾಜು

ಇಲ್ಲಿ ಸರದಿ ಮೇಲೆ ಎಲ್ಲರಿಗೂ ಕೊಡಿಸುವ ಪದ್ಧತಿ ಇದೆ. ರೌಂಡ್ ಎನ್ನುತ್ತಾರೆ. ಮೊದಲ ರೌಂಡ್ ನಿಮ್ಮದೇ ಆಗಲಿ, ಅತಿಥಿಗಳಿಗೂ ವಿಷಯ ಮೊದಲೇ ತಿಳಿಸಿ. ಗಿನ್ನೆಸ್ ಕೇಳಿದ ತಕ್ಷಣ ಕೈಗೆ ಬರುವುದಿಲ್ಲ. ಮುಕ್ಕಾಲು ಗ್ಲಾಸ್ ತುಂಬಿಸಿ, ನೊರೆ ಇಳಿಯುವವರೆಗೆ ಕಾದು, ಆಮೇಲೆ ಪೂರ್ತಿ ಮಾಡುತ್ತಾರೆ. ಕಂದು ಬಣ್ಣ ನಿಧಾನವಾಗಿ ಕಪ್ಪಾಗುವುದನ್ನು ಅತಿಥಿಗಳಿಗೆ ತೋರಿಸಿ. ಆರ್ಥರ್ ಗಿನ್ನೆಸ್ 1759ರಲ್ಲಿ ಇದೇ ಊರಿನಲ್ಲಿ 9000 ವರ್ಷಕ್ಕೆ ಜಾಗ ಗುತ್ತಿಗೆ ಹಿಡಿದ ಕಥೆ ಹೇಳಲು ಅದು ಸರಿಯಾದ ಹೊತ್ತು.

ಕುಡಿಯದವರಿಗೆ ಆಲ್ಕೋಹಾಲ್ ಇಲ್ಲದ ಗಿನ್ನೆಸ್ ಇದೆ. ಕಿತ್ತಳೆ, ನಿಂಬೆ ರುಚಿಯ ರಾಕ್ ಶ್ಯಾಂಡಿ ಎಂಬ ಸೋಡಾವೂ ಸಿಗುತ್ತದೆ. ಹೆಸರು ಹಾಗಿದ್ದರೂ ಅದರಲ್ಲಿ ಮದ್ಯ ಇಲ್ಲ. "ಯಾಕೆ ಕುಡಿಯಲ್ಲ" ಎಂದು ಯಾರನ್ನೂ ಕೇಳಬೇಡಿ. ಗ್ಲಾಸ್ ಎತ್ತಿ "ಸ್ಲಾಂಚ" ಎಂದರೆ ಸಾಕು. ಆರೋಗ್ಯ ಎಂದು ಅದರ ಅರ್ಥ.

ಆಮೇಲೆ ಸಂಗೀತ

ಪ್ರವಾಸಿಗರು ತುಂಬಿರುವ ಟೆಂಪಲ್ ಬಾರ್ ಬಡಾವಣೆ ಕಡೆ ಒಂದು ಸುತ್ತು ಹಾಕಿ, ಫೋಟೊ ತೆಗೆಸಿ, ಮುಂದೆ ನಡೆಯಿರಿ. ಅಲ್ಲಿ ದರ ಜಾಸ್ತಿ, ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಲುವಾಸ್ ಟ್ರಾಮ್ ಕೆಂಪು ಮಾರ್ಗದಲ್ಲಿ ಸ್ಮಿತ್‌ಫೀಲ್ಡ್‌ಗೆ ಹೋಗಿ. ಅಲ್ಲಿನ ಕಾಬಲ್‌ಸ್ಟೋನ್ ಪಬ್ಬಿನಲ್ಲಿ ವೇದಿಕೆ, ಟಿಕೆಟ್ ಏನೂ ಇಲ್ಲದೆ ವಾದ್ಯದವರು ಒಂದು ಮೂಲೆಯಲ್ಲಿ ಕೂತು ನುಡಿಸುತ್ತಾರೆ. ಪಿಟೀಲು, ಕೊಳಲು, ಬೌರಾನ್ ಎಂಬ ಚರ್ಮದ ತಮಟೆ. ಅದೃಷ್ಟವಿದ್ದರೆ ಇಲ್ಲನ್ ಪೈಪ್ಸ್ ಎಂಬ ಐರಿಶ್ ಬ್ಯಾಗ್‌ಪೈಪ್ ಕೂಡ. ಇದಕ್ಕೆ ಬಾಯಿಂದ ಊದುವುದಿಲ್ಲ, ತೋಳಿನ ಕೆಳಗಿನ ತಿದಿ ಒತ್ತಿ ಗಾಳಿ ತುಂಬುತ್ತಾರೆ. 2021ರಲ್ಲಿ ಈ ಜಾಗದಲ್ಲಿ ಹೋಟೆಲ್ ಕಟ್ಟುವ ಯೋಜನೆ ಬಂದಾಗ ಊರಿನ ಜನ ವಾದ್ಯ ಹಿಡಿದು ಬೀದಿಗಿಳಿದರು. ನಗರ ಪಾಲಿಕೆ ಅನುಮತಿ ಕೊಡಲಿಲ್ಲ. ಇದನ್ನು ಅತಿಥಿಗಳಿಗೆ ಹೇಳಿ, ಆಮೇಲೆ ಅವರು ಕೇಳುವ ರೀತಿಯೇ ಬದಲಾಗುತ್ತದೆ.

ವಾದ್ಯದವರ ಸುತ್ತಲಿನ ಸೀಟು ಅವರಿಗೇ ಮೀಸಲು, ಕೂರಬೇಡಿ. ಯಾರಾದರೂ ವಾದ್ಯವಿಲ್ಲದೆ ಹಾಡಲು ಶುರು ಮಾಡಿದರೆ ಇಡೀ ಪಬ್ ನಿಶ್ಶಬ್ದವಾಗುತ್ತದೆ. ನಿಮ್ಮ ಟೇಬಲ್ಲಿನ ಆಫೀಸ್ ಮಾತೂ ಆಗ ನಿಲ್ಲಲಿ.

ದೊಡ್ಡ ಗುಂಪಿಗೆ ಇದು ಒಗ್ಗುವುದಿಲ್ಲ. ಹತ್ತು ಹದಿನೈದು ಜನ ಇದ್ದರೆ ಊರ ಹೊರಗಿನ ಬೆಟ್ಟದ ಮೇಲೆ, ಗ್ಲೆನ್‌ಕಲನ್‌ನಲ್ಲಿರುವ ಜಾನಿ ಫಾಕ್ಸಸ್ ಪಬ್ಬಿಗೆ ಕರೆದೊಯ್ಯಿರಿ. ಊಟ, ಸಂಗೀತ, ಐರಿಶ್ ನೃತ್ಯ ಒಟ್ಟಿಗೇ ಇರುವ ಸಂಜೆಗಳು ಅಲ್ಲಿ ನಡೆಯುತ್ತವೆ. ಮುಂಚೆಯೇ ಬುಕ್ ಮಾಡಬೇಕು. ನಾಟಕದ ಆಸಕ್ತಿ ಇದ್ದವರಿಗೆ 1904ರಲ್ಲಿ ಶುರುವಾದ ಆ್ಯಬಿ ಥಿಯೇಟರ್ ಇದೆ.

ಬಿಲ್ಲು, ಬೀಳ್ಕೊಡುಗೆ

ಊಟಕ್ಕೆ ನೂರಕ್ಕೆ ಹತ್ತರಷ್ಟು ಟಿಪ್ಸ್ ಸಾಕು. ಕೌಂಟರಿನಲ್ಲಿ ಪಾನೀಯ ಕೊಂಡರೆ ಟಿಪ್ಸ್ ಬೇಕಿಲ್ಲ. ವಾರದ ದಿನ ಪಬ್ಬುಗಳು ಸಾಮಾನ್ಯವಾಗಿ ರಾತ್ರಿ ಹನ್ನೊಂದೂವರೆಗೆ ಮುಚ್ಚುತ್ತವೆ. ಬೆಳಗ್ಗೆ ಮೀಟಿಂಗ್ ಇದ್ದರೆ ಹತ್ತಕ್ಕೇ ಎದ್ದುಬಿಡಿ. ಆದರೆ ಏಳುತ್ತೇನೆ ಎಂದ ಮೇಲೂ ಐರಿಶ್ ಗೆಳೆಯರ ಮಾತು ಬೇಗ ಮುಗಿಯುವುದಿಲ್ಲ. ನಮ್ಮೂರಿನಲ್ಲಿ ಗೇಟಿನ ಹತ್ತಿರ ನಿಂತು ಮಾತಾಡುವುದಿಲ್ವಾ, ಹಾಗೇ. ಎಲ್ಲರೂ ಕೋಟ್ ಹಾಕಿ ಬಾಗಿಲು ದಾಟಿದ ಮೇಲೆ ಟ್ಯಾಕ್ಸಿ ಕರೆಯಿರಿ.