ಹೊರದೇಶದವರ ಜೊತೆ ಸೇರಿ ನದಿ ಕೆಲಸ ಮಾಡಬೇಕೆ? ದುಡ್ಡಿನ ಮಾತು ಕೊನೆಗಿರಲಿ

ಪುಣೆಯಲ್ಲಿ ಸಣ್ಣಪುಟ್ಟ ಟ್ರಸ್ಟ್‌ಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಸಿಎ ಅಲ್ಲ, ಬಿಕಾಂ ಓದಿದ ಲೆಕ್ಕದವಳು. ನದಿ, ಗುಡ್ಡ, ಕಸ ಅಂತ ಓಡಾಡುವ ಬಳಗಗಳು ನನ್ನ ಹತ್ತಿರ ಬರುತ್ತವೆ. ಅವರಲ್ಲಿ ನಮ್ಮ ಕನ್ನಡದವರೂ ಇರುತ್ತಾರೆ. ಕೆಲವರು ಹಿಂಜವಡಿಯ ಐಟಿ ಕೆಲಸಕ್ಕೆ ಬಂದವರು, ಕೆಲವರು ಅಪ್ಪನ ಕಾಲದಲ್ಲೇ ಕೋಥ್ರೂಡ್‌ನಲ್ಲಿ ಮನೆ ಮಾಡಿಕೊಂಡವರು. ಚಹಾ ಬರುವ ಮೊದಲೇ ಪ್ರಶ್ನೆ ಬರುತ್ತದೆ: "ಜರ್ಮನಿಯ ಒಂದು ಸಂಸ್ಥೆ ಪರಿಚಯ ಆಗಿದೆ ಮೇಡಂ. ಅವರಿಂದ ದುಡ್ಡು ತರೋದು ಹೇಗೆ?"

ಅದನ್ನು ಕೊನೆಗೆ ಹೇಳುತ್ತೇನೆ, ಯಾಕೆಂದರೆ ಕಾನೂನೇ ಅದನ್ನು ಕೊನೆಗೆ ಇಟ್ಟಿದೆ. ದುಡ್ಡು ಇಲ್ಲದೆಯೂ ಎರಡು ದೇಶದವರು ಸೇರಿ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಆ ಕೆಲಸ ತನ್ನ ಕಾಲ ಮೇಲೆ ನಿಂತರೆ ಮಾತ್ರ ದುಡ್ಡಿಗೆ ಅರ್ಥ.

ಮೊದಲು ಹತ್ತಿರದ ಗಡಿ

ನನ್ನ ತವರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಹಳ್ಳಿ. ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಪುಣೆ ಊರಿನ ಕೊಳಚೆ ಹೊತ್ತ ಮುಳಾ-ಮುಠಾ ಅದಕ್ಕೆ ಸೇರುತ್ತದೆ. ಮುಂದೆ ಉಜನಿ ಅಣೆಕಟ್ಟು, ಪಂಢರಪುರ, ಆಮೇಲೆ ವಿಜಯಪುರ, ಕಲಬುರಗಿ. ರಾಯಚೂರಿನ ಕಡೆ ಕೃಷ್ಣೆಗೆ ಸೇರುವ ಹೊತ್ತಿಗೆ 861 ಕಿಲೋಮೀಟರ್ ಆಗಿರುತ್ತದೆ. ಬೇಸಿಗೆ ಬಂತೆಂದರೆ ನಮ್ಮ ಕಾಕಾ ಫೋನ್ ಮಾಡುತ್ತಾರೆ: "ನೀವು ಅಲ್ಲಿ ಏನ್ ಬಿಡ್ತೀರಿ, ನಾವು ಇಲ್ಲಿ ಅದನ್ನೇ ಕುಡೀತೀವಿ ನೋಡವ್ವ." 2020ರ ಅಕ್ಟೋಬರ್‌ನಲ್ಲಿ ಇದೇ ದಂಡೆಯ ಊರುಗಳಿಗೆ ಪ್ರವಾಹ ನುಗ್ಗಿದಾಗ ಅವರ ಮಾತು ಇನ್ನೂ ಖಾರವಾಗಿತ್ತು. ಅದನ್ನು ಬರೆಯುವುದಿಲ್ಲ.

ಹೀಗಾಗಿ ಬಂದವರಿಗೆ ನಾನು ಹೇಳುವ ಮೊದಲ ಕೆಲಸ ಇದು: ಜರ್ಮನಿಗೆ ಬರೆಯುವ ಮುಂಚೆ ನದಿಯ ಕೆಳಗಿನವರನ್ನು ಹುಡುಕಿ. ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಮರಾಠಿ ಕನ್ನಡ ಎರಡೂ ಸಲೀಸಾಗಿ ಆಡುವವರು ಬೇಕಾದಷ್ಟು ಜನ. ಅಲ್ಲಿನ ಒಬ್ಬ ವಿಜ್ಞಾನದ ಮೇಷ್ಟ್ರು, ಗಾಣಗಾಪುರದ ಕಡೆಯ ಒಂದು ಕಾಲೇಜು. ಶುರು ಮಾಡಲು ಇಷ್ಟು ಸಾಕು. ಈ ಎರಡು ಭಾಷೆ ನಮ್ಮ ಕೈಲಿರುವ ಆಸ್ತಿ, ಅದನ್ನು ಬಿಟ್ಟು ಸುಮ್ನೆ ಇಂಗ್ಲಿಷ್ ಪ್ರಪೋಸಲ್ ಬರೆಯುತ್ತಾ ಕೂರುತ್ತೇವೆ.

ಹೊರಗಿನವರಿಗೂ ಇದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ಅವರೂ ಅದೇ ಕಷ್ಟ ಉಂಡವರು. ರೈನ್ ನದಿ ದೇಶದಿಂದ ದೇಶಕ್ಕೆ ಹರಿದು ಕೊನೆಗೆ ನೆದರ್‌ಲ್ಯಾಂಡ್ಸ್ ತಲುಪುತ್ತದೆ. ಅದಕ್ಕೊಂದು ಅಂತರರಾಷ್ಟ್ರೀಯ ಆಯೋಗ 1950ರಲ್ಲೇ ಶುರುವಾಗಿತ್ತು, ಆದರೂ ನದಿ ಹೊಲಸಾಗುತ್ತಲೇ ಹೋಯಿತು. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡ್‌ನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ನಂದಿಸಿದ ನೀರಿನ ಜೊತೆ ಕೀಟನಾಶಕ ನದಿಗೆ ಇಳಿದು ಹಾವುಮೀನುಗಳು ಸಾಲಾಗಿ ಸತ್ತವು. ಮರುವರ್ಷವೇ ಎಲ್ಲ ದೇಶಗಳೂ ಒಂದು ಕ್ರಿಯಾ ಯೋಜನೆಗೆ ಒಪ್ಪಿದವು. ಇವತ್ತು ಬಾಸೆಲ್ ಪಕ್ಕದ ವೈಲ್ ಆಮ್ ರೈನ್‌ನಲ್ಲಿ ಸ್ವಿಸ್‌ನವರೂ ಜರ್ಮನ್ನರೂ ಸೇರಿ ನಡೆಸುವ ನೀರು ತಪಾಸಣೆ ಕೇಂದ್ರವಿದೆ. ಮೇಲಿನವರು ಅಳೆದ ಅಂಕಿಯನ್ನು ಕೆಳಗಿನವರು ನಂಬುತ್ತಾರೆ, ಯಾಕೆಂದರೆ ಅಳೆಯುವ ಕೈ ಇಬ್ಬರದ್ದೂ. ಭೀಮೆಗೆ ಬೇಕಾಗಿರುವುದು ಇದೇ ಅಲ್ವಾ?

ಜೊತೆಗಾರರನ್ನು ಹುಡುಕುವುದು

ಪುಣೆಗೆ ಇದು ಹೊಸದಲ್ಲ. ಔಂಧ್‌ನ ಬ್ರೆಮೆನ್ ಚೌಕದಲ್ಲಿ ದಿನಾ ಟ್ರಾಫಿಕ್‌ನಲ್ಲಿ ನಿಲ್ಲುವವರಿಗೆ ಆ ಹೆಸರು ಜರ್ಮನಿಯ ಒಂದು ಊರಿನದು ಅಂತ ಗೊತ್ತಿರುವುದಿಲ್ಲ. ಅದೇ ಬ್ರೆಮೆನ್‌ನ ಬೋರ್ಡಾ ಸಂಸ್ಥೆ ಬೆಂಗಳೂರಿನ ಸಿಡಿಡಿ ಎಂಬ ಸಂಸ್ಥೆಯ ಜೊತೆ ಸೇರಿ, ಬಡಾವಣೆ ಮಟ್ಟದಲ್ಲೇ ಕೊಳಚೆ ನೀರು ಶುದ್ಧ ಮಾಡುವ ಡಿವಾಟ್ಸ್ ಪದ್ಧತಿಯನ್ನು ನಮ್ಮಲ್ಲಿ ಹರಡಿತು. ದೇವನಹಳ್ಳಿಯಲ್ಲಿ ಶೌಚಗುಂಡಿಯ ಮಲವನ್ನು ಗೊಬ್ಬರ ಮಾಡುವ ಘಟಕಕ್ಕೂ ಸಿಡಿಡಿಯೇ ಕೈ ಹಾಕಿತು. ಪುಣೆಯ ವೋಟರ್ (WOTR) ಎಂಬ ಜಲಾನಯನ ಸಂಸ್ಥೆ 1993ರಲ್ಲಿ ಹುಟ್ಟಿದ್ದು ಸ್ವಿಟ್ಜರ್ಲೆಂಡ್‌ನಿಂದ ಬಂದ ಪಾದ್ರಿ ಹರ್ಮನ್ ಬಾಕರ್ ಕಟ್ಟಿದ ಇಂಡೋ-ಜರ್ಮನ್ ಜಲಾನಯನ ಕೆಲಸದಿಂದ. ಮುಳಾ-ಮುಠಾ ಶುದ್ಧೀಕರಣಕ್ಕೆ ಜಪಾನ್‌ನ ಸರ್ಕಾರಿ ನೆರವು ಸಂಸ್ಥೆ ಜೈಕಾದ ಸಾಲದ ಒಪ್ಪಂದ ಆದದ್ದು 2016ರಲ್ಲಿ.

ಇವೆಲ್ಲ ದೊಡ್ಡವರ ಕಥೆ. ನೀವು ದೊಡ್ಡವರಿಗೆ ಬರೆಯಬೇಡಿ. ನಿಮ್ಮಷ್ಟೇ ಗಾತ್ರದವರಿಗೆ ಬರೆಯಿರಿ: ಒಂದು ಊರಿನ ಮೀನು ಹಿಡಿಯುವವರ ಸಂಘ, ಒಂದು ಶಾಲೆ, ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯ. ಮೊದಲ ಪತ್ರ ಒಂದೇ ಪುಟ. ನಿಮ್ಮ ನದಿ ಯಾವುದು, ನಿಮ್ಮ ಹತ್ತಿರ ಏನಿದೆ, ನಿಮಗೆ ಗೊತ್ತಿಲ್ಲದ್ದು ಏನು. ನಾನು ತಿದ್ದಿಕೊಡುವ ಪತ್ರಗಳ ಸಾರ ಹೀಗಿರುತ್ತದೆ: "ನಾವು ಪುಣೆಯ ಸಂಗಮ ಸೇತುವೆ ಹತ್ತಿರ ವಾರಕ್ಕೊಮ್ಮೆ ನೀರು ಪರೀಕ್ಷೆ ಮಾಡುತ್ತೇವೆ. ಕೆಳಗೆ ಕರ್ನಾಟಕದಲ್ಲಿ ಒಂದು ಕಾಲೇಜು ಇದನ್ನೇ ಮಾಡುತ್ತದೆ. ನಮ್ಮ ಅಂಕಿಗಳನ್ನು ಸಾಮಾನ್ಯ ಜನರಿಗೆ ಅರ್ಥವಾಗುವಂತೆ ತೋರಿಸುವುದು ನಮಗೆ ಬರುವುದಿಲ್ಲ. ನೀವು ಹೇಗೆ ಮಾಡುತ್ತೀರಿ?" ಪತ್ರದಲ್ಲಿ ಫಂಡ್ ಅನ್ನುವ ಪದ ಇರಬಾರದು. ಇದ್ದರೆ ಅದು ಬೇರೆ ಟೇಬಲ್‌ಗೆ ಹೋಗುತ್ತದೆ, ಅಲ್ಲೇ ಕೂರುತ್ತದೆ.

ಕರೆಗಳ ವೇಳೆ ಬಗ್ಗೆ ಒಂದು ಮಾತು. ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ಆಗಸ್ಟ್‌ನಲ್ಲಿ ಅವರು ರಜೆ, ಗಣಪತಿ ಹಬ್ಬದಲ್ಲಿ ನಾವು. ಆ ಹೊತ್ತಿನಲ್ಲಿ ಪುಣೆಯಲ್ಲಿ ಮೀಟಿಂಗ್ ಇಡುವವರಿಗೆ ಕೈ ಮುಗಿಯಬೇಕು.

ಒಂದೇ ಕೆಲಸ, ಎಲ್ಲ ಕಡೆ ಒಂದೇ ರೀತಿ

ಹತ್ತು ವಿಷಯ ಹಿಡಿಯಬೇಡಿ. ನಾನು ನೋಡಿದ ಬಳಗಗಳಲ್ಲಿ ಬಾಳಿದ್ದು ಒಂದೇ ಕೆಲಸ ಹಿಡಿದವು. ನೀರಿನ ಪರೀಕ್ಷೆ ಎಲ್ಲಕ್ಕಿಂತ ಸುಲಭ: ಉಷ್ಣಾಂಶ, ಪಿಎಚ್ (ಹುಳಿ-ಕ್ಷಾರದ ಅಳತೆ), ನೀರಲ್ಲಿ ಕರಗಿದ ಆಮ್ಲಜನಕ. ಸ್ನಾನಕ್ಕೆ ಯೋಗ್ಯ ನೀರಿಗೆ ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಇದೆ. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಹೆಚ್ಚು, ಬಿಒಡಿ (ನೀರಿನ ಹೊಲಸನ್ನು ಕರಗಿಸಲು ಸೂಕ್ಷ್ಮಜೀವಿಗಳು ಎಳೆಯುವ ಆಮ್ಲಜನಕ) 3 ಅಥವಾ ಕಡಿಮೆ, ಪಿಎಚ್ 6.5ರಿಂದ 8.5. ಪಂಢರಪುರದಲ್ಲಿ ಮುಳುಗೇಳುವ ವಾರಕರಿಗೆ ಈ ಅಂಕಿ ಮುಖ್ಯ, ಗಾಣಗಾಪುರದ ಸಂಗಮಕ್ಕೆ ಬರುವ ದತ್ತ ಭಕ್ತರಿಗೂ ಮುಖ್ಯ. ಇದನ್ನು ಹೇಳಿದರೆ ದಂಡೆಯ ಜನ ಕಿಟ್ ಹಿಡಿಯಲು ತಾವೇ ಮುಂದೆ ಬರುತ್ತಾರೆ.

ಆದರೆ ಎರಡು ದೇಶದ ಅಂಕಿ ಪಕ್ಕಪಕ್ಕ ಇಡುವಾಗ ಹುಷಾರು. ತಣ್ಣೀರು ಜಾಸ್ತಿ ಆಮ್ಲಜನಕ ಹಿಡಿಯುತ್ತದೆ. 10 ಡಿಗ್ರಿಯಲ್ಲಿ 11 ಮಿಲಿಗ್ರಾಂ ದಾಟುತ್ತದೆ, 30 ಡಿಗ್ರಿಯಲ್ಲಿ ಶುದ್ಧ ನೀರು ಕೂಡ 7.5ರ ಆಸುಪಾಸು ನಿಲ್ಲುತ್ತದೆ. ಅವರ 9, ನಮ್ಮ 6 ನೋಡಿ ನಾವು ಅಷ್ಟು ಕೆಟ್ಟವರು ಅಂದುಕೊಳ್ಳಬೇಡಿ. ಆ ಉಷ್ಣಾಂಶದಲ್ಲಿ ನೀರು ಹಿಡಿಯಬಹುದಾದ ಆಮ್ಲಜನಕದಲ್ಲಿ ಶೇಕಡಾ ಎಷ್ಟಿದೆ ಅಂತಲೂ ಬರೆದಿಡಿ. ಗಂಟೆಯೂ ಒಂದೇ ಇರಲಿ. ಪಾಚಿ ಇರುವ ನೀರಲ್ಲಿ ಮಧ್ಯಾಹ್ನ ಆಮ್ಲಜನಕ ಏರುತ್ತದೆ, ನಸುಕಿನಲ್ಲಿ ಬೀಳುತ್ತದೆ. ಒಬ್ಬರು ಚಹಾ ಕುಡಿದು ಹತ್ತಕ್ಕೆ ಹೋಗಿ, ಇನ್ನೊಬ್ಬರು ಊಟ ಮುಗಿಸಿ ಮೂರಕ್ಕೆ ಹೋದರೆ ಆ ಹೋಲಿಕೆ ಕಸದ ಬುಟ್ಟಿಗೆ.

ಬಿಒಡಿ ಇನ್ನೂ ನಾಜೂಕು. ಯುರೋಪಿನಲ್ಲಿ ಸಾಮಾನ್ಯವಾಗಿ ನೀರಿನ ಮಾದರಿಯನ್ನು 20 ಡಿಗ್ರಿಯಲ್ಲಿ 5 ದಿನ ಇಟ್ಟು ಅಳೆಯುತ್ತಾರೆ. ನಮ್ಮ ಭಾರತೀಯ ಮಾನಕದಲ್ಲಿ 27 ಡಿಗ್ರಿಯಲ್ಲಿ 3 ದಿನ. ಯಾವ ಪದ್ಧತಿ ಅಂತ ಪ್ರತಿ ಸಾಲಿನಲ್ಲೂ ಬರೆಯಿರಿ.

ಲೆಕ್ಕದವಳಾಗಿ ನನ್ನ ತಲೆ ತಿಂದದ್ದು ಕಾಮಾ. ನಾವು 4.5 ಅನ್ನುವುದನ್ನು ಜರ್ಮನ್ನರು 4,5 ಅಂತ ಬರೆಯುತ್ತಾರೆ. ನಾವು 1,00,000 ಬರೆದರೆ ಅವರ ಎಕ್ಸೆಲ್‌ಗೆ ಅದು ಏನೆಂದೇ ತಿಳಿಯುವುದಿಲ್ಲ. ಶೀಟ್ ಶುರು ಮಾಡುವ ಮೊದಲೇ ಒಂದು ಪುಟದ ನಿಯಮ ಮಾಡಿ: ದಶಮಾಂಶಕ್ಕೆ ಚುಕ್ಕಿ, ಸಾವಿರಕ್ಕೆ ಏನೂ ಬೇಡ, ತಾರೀಖಿನಲ್ಲಿ ವರ್ಷ ಮೊದಲು. ಅದೇ ಪುಟದಲ್ಲಿ ಈ ಅಂಕಿಗಳನ್ನು ಯಾರು ಬಳಸಬಹುದು ಅಂತಲೂ ಬರೆದುಬಿಡಿ. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಅನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಸಾಕು. ಆಮೇಲೆ ಯಾರೋ ಪ್ರಬಂಧ ಬರೆದಾಗ ಜಗಳ ಬೇಡ.

ಗಡಿ ದಾಟಬಾರದವು

ಅಂಕಿ ಕಳಿಸಿ, ಬಾಟಲಿ ಕಳಿಸಬೇಡಿ. ಮೀನು, ಪಾಚಿ, ಸೂಕ್ಷ್ಮಜೀವಿ ಇರುವ ಮಾದರಿಯನ್ನು ವಿದೇಶಿಯರು ಸಂಶೋಧನೆಗೆ ಪಡೆಯಬೇಕಾದರೆ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಅಜ್ಜಿ ಹೇಳಿದ ಗಿಡಮೂಲಿಕೆ ಜ್ಞಾನಕ್ಕೂ ಇದೇ ಕಾನೂನು. ಅತಿಥಿಗಳು ಬರುವುದಾದರೆ ಟಿಕೆಟ್‌ಗೆ ಮುಂಚೆ ವೀಸಾ ಯಾವ ಬಗೆಯದು ಅಂತ ಕೇಳಿ, ಟೂರಿಸ್ಟ್ ವೀಸಾದಲ್ಲಿ ಸಂಶೋಧನೆ ಮಾಡುವಂತಿಲ್ಲ. ಅವರು ಚಾರಣಕ್ಕೆ ಒಯ್ಯುವ ಸ್ಯಾಟಲೈಟ್ ಸಾಧನಗಳನ್ನು ಮನೆಯಲ್ಲೇ ಬಿಟ್ಟು ಬರಲಿ, ಅನುಮತಿ ಇಲ್ಲದೆ ತಂದರೆ ಇಲ್ಲಿ ಅಪರಾಧ. ಗೋವಾದ ವಿಮಾನ ನಿಲ್ದಾಣದಲ್ಲಿ ಹೀಗೆ ಸಿಕ್ಕಿಬಿದ್ದವರ ಸುದ್ದಿ ಬಂದಿತ್ತು. ಅತಿಥಿಗಳನ್ನು ನಿಮ್ಮ ಮನೆಯಲ್ಲೇ ಉಳಿಸಿಕೊಂಡರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಆ ಮಾಹಿತಿಯನ್ನು ಸರ್ಕಾರಕ್ಕೆ ಕೊಡಬೇಕು. ಪೂರಿ ಭಾಜಿ ತಿನ್ನಿಸುವ ಗಡಿಬಿಡಿಯಲ್ಲಿ ಇದು ಎಲ್ಲರಿಗೂ ಮರೆಯುತ್ತದೆ.

ಕಾಗದಪತ್ರ

ಕೆಲಸ ಒಂದು ಹದಕ್ಕೆ ಬಂದ ಮೇಲೆ ಸಂಸ್ಥೆ ನೋಂದಾಯಿಸಿ. ಮಹಾರಾಷ್ಟ್ರದಲ್ಲಿ ಟ್ರಸ್ಟ್ ಆದರೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಧರ್ಮಾದಾಯ ಆಯುಕ್ತರ ಕಚೇರಿಗೆ ಹೋಗಬೇಕು. ಸೊಸೈಟಿಗೆ ಕನಿಷ್ಠ ಏಳು ಜನ ಬೇಕು, ಅದಕ್ಕೂ ಟ್ರಸ್ಟ್ ನೋಂದಣಿ ತಪ್ಪುವುದಿಲ್ಲ. ಟ್ರಸ್ಟಿ ಬದಲಾದರೆ 90 ದಿನದೊಳಗೆ ಚೇಂಜ್ ರಿಪೋರ್ಟ್ ಕೊಡಬೇಕು. ಊರು ಬಿಟ್ಟು ಹೋಗುವ ಐಟಿ ಹುಡುಗರನ್ನೇ ಟ್ರಸ್ಟಿ ಮಾಡಿದರೆ ಇದೇ ಒಂದು ನೌಕರಿ ಆಗುತ್ತದೆ.

ಉದ್ದೇಶಗಳನ್ನು ಬರೆಯುವಾಗ ನೆಲ ನೋಡಿ ನಡೆಯಿರಿ. ತೆರಿಗೆ ಕಾನೂನಿನಲ್ಲಿ ಪರಿಸರ ಸಂರಕ್ಷಣೆ ಪ್ರತ್ಯೇಕ ಬಾಬತ್ತು, ಜಲಾನಯನವೂ ಅದರಲ್ಲಿ ಸೇರಿದೆ. ಅದನ್ನೇ ಮೊದಲಿಗೆ ಸ್ಪಷ್ಟವಾಗಿ ಬರೆಯಿರಿ. 'ಸಾರ್ವಜನಿಕ ಹಿತ' ಅಂತ ಅಸ್ಪಷ್ಟವಾಗಿ ಬರೆದರೆ ನಾಳೆ ತರಬೇತಿಗೆ ಶುಲ್ಕ ತಗೊಂಡಾಗ ತೆರಿಗೆಯವರು ಅಂಥ ಆದಾಯಕ್ಕಿರುವ ಮಿತಿ ತೋರಿಸುತ್ತಾರೆ. 'ಪ್ರಪಂಚದಾದ್ಯಂತ ಕೆಲಸ' ಅಂತ ಹುಮ್ಮಸ್ಸಿನಲ್ಲಿ ಬರೆಯಬೇಡಿ. ಭಾರತದ ಹೊರಗೆ ಮಾಡಿದ ಖರ್ಚಿಗೆ ವಿಶೇಷ ಒಪ್ಪಿಗೆ ಇಲ್ಲದೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅವರ ಖರ್ಚು ಅವರದು, ನಮ್ಮ ಖರ್ಚು ನಮ್ಮದು. ಇಷ್ಟನ್ನು ಒಪ್ಪಂದದಲ್ಲಿ ಹಾಕಿ.

ಈಗ ದುಡ್ಡು

ವಿದೇಶಿ ದೇಣಿಗೆಗೆ 2010ರ ಎಫ್‌ಸಿಆರ್‌ಎ ಕಾನೂನು. ನೋಂದಣಿ ಬೇಕಾದರೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಮೂಲ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಸಣ್ಣ ಬಳಗಕ್ಕೆ ಇದು ದೊಡ್ಡ ಮೊತ್ತ. ಇನ್ನೊಂದು ದಾರಿ ಪೂರ್ವಾನುಮತಿ. ಒಬ್ಬ ದಾನಿ, ಒಂದು ಮೊತ್ತ, ಒಂದು ಕೆಲಸ ಅಂತ ಪತ್ರ ತಂದು ಅರ್ಜಿ ಹಾಕುವುದು. ಇದರಲ್ಲಿ ಇಲ್ಲಿನ ಮುಖ್ಯಸ್ಥರು ಅಲ್ಲಿನ ಸಂಸ್ಥೆಯಲ್ಲಿ ಇರುವಂತಿಲ್ಲ. ಹಾಗಾಗಿ ಎರಡೂ ಕಡೆ ಒಬ್ಬರೇ ಸಹಿ ಹಾಕುವ ಜಾಣತನ ನಡೆಯುವುದಿಲ್ಲ.

ದುಡ್ಡು ಬಂದು ಬೀಳುವುದು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಖಾತೆ ತೆರೆಯಲು ದೆಹಲಿಗೆ ಹೋಗಬೇಕಾಗಿಲ್ಲ, ಹತ್ತಿರದ ಶಾಖೆಯಿಂದ ಆಗುತ್ತದೆ. ಆ ದುಡ್ಡಿನಲ್ಲಿ ಆಡಳಿತದ ಖರ್ಚು ಶೇ 20 ದಾಟಬಾರದು. 2020ರ ತಿದ್ದುಪಡಿಯಾದ ಮೇಲೆ ಈ ದುಡ್ಡನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ಭೀಮೆಯ ವಿಚಾರದಲ್ಲಿ ಇದು ಬಹಳ ಮುಖ್ಯ: ಪುಣೆಗೆ ಬಂದ ಯೂರೋವನ್ನು ಗಾಣಗಾಪುರದ ಜೊತೆಗಾರರಿಗೆ ದಾಟಿಸಲು ಬರುವುದಿಲ್ಲ. ಅವರಿಗೂ ಬೇಕೆಂದರೆ ಅವರೇ ಬೇರೆ ಅರ್ಜಿ ಹಾಕಬೇಕು. ಯೋಜನೆ ಬರೆಯುವ ದಿನವೇ ಇದನ್ನು ಇಬ್ಬರೂ ಕೂತು ಮಾತಾಡಿ. ಕೆಳಗಿನವರನ್ನು ಮತ್ತೆ ಕೆಳಗೇ ಇಡುವ ಯೋಜನೆಗೆ ನಾನಂತೂ ಲೆಕ್ಕ ಬರೆಯುವುದಿಲ್ಲ.

ಎರಡು ಅನುಮಾನ ಎಲ್ಲರೂ ಕೇಳುತ್ತಾರೆ. "ಸ್ಟಟ್‌ಗಾರ್ಟ್‌ನಲ್ಲಿರೋ ನಮ್ಮಣ್ಣ ಕೊಟ್ಟರೆ?" ಅಣ್ಣನ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇಟ್ಟುಕೊಂಡಿದ್ದರೆ ಹೌದು, ರೂಪಾಯಿಯಲ್ಲೇ ಕೊಟ್ಟರೂ ಹೌದು. "ದುಡ್ಡು ಬೇಡ, ಸೆನ್ಸರ್ ಕಳಿಸ್ತಾರಂತೆ?" ಸಂಸ್ಥೆಗೆ ಬಂದ ವಸ್ತುವೂ ದೇಣಿಗೆಯೇ, ಮೇಲೆ ಕಸ್ಟಮ್ಸ್ ಬೇರೆ. ಸೆನ್ಸರ್ ಇಲ್ಲೇ ಕೊಂಡುಕೊಳ್ಳಿ, ಅದನ್ನು ಕಟ್ಟುವ ನಕ್ಷೆ ಮತ್ತು ಕೋಡ್ ಮಾತ್ರ ಅವರಿಂದ ಕೇಳಿ.

ನೋಂದಣಿ ಸಿಕ್ಕ ಮೇಲೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಎಫ್‌ಸಿ-4 ಎಂಬ ವಾರ್ಷಿಕ ಲೆಕ್ಕದ ಫಾರ್ಮ್ ತುಂಬಬೇಕು. ಆ ವರ್ಷ ಒಂದು ಯೂರೋ ಬರದಿದ್ದರೂ ಸೊನ್ನೆ ಅಂತ ತುಂಬಬೇಕು. ನನ್ನ ಹತ್ತಿರ ಬರುವವರು ದಯವಿಟ್ಟು ನವೆಂಬರ್‌ನಲ್ಲೇ ಬನ್ನಿ, ಮಧ್ಯಾಹ್ನ ಒಂದರಿಂದ ನಾಲ್ಕು ಬಿಟ್ಟು. ಪುಣೆಯಲ್ಲಿದ್ದು ಮಧ್ಯಾಹ್ನದ ನಿದ್ದೆ ಬಿಡದ ಪುಣೆಯವಳೇ ಆಗಿಬಿಟ್ಟಿದ್ದೇನೆ.