ಕುಂಡ ಅದೇ ಇರಲಿ, ಬೇರು ಸವರಿ

ಕುಂಡದ ದಾಸವಾಳ ಹೂ ಬಿಡುವುದು ಕಡಿಮೆ ಮಾಡಿದರೆ ಎಲ್ಲರೂ ಗೊಬ್ಬರ ಹುಡುಕುತ್ತಾರೆ. ಅದಕ್ಕೂ ಮುಂಚೆ ಒಮ್ಮೆ ಕುಂಡದ ತಳ ನೋಡಿ. ತೂತಿನಿಂದ ಬೇರು ಹೊರಗೆ ಬಂದಿದೆಯಾ? ಹಾಕಿದ ನೀರು ನಿಲ್ಲದೆ ಸರ್ರನೆ ಇಳಿದುಹೋಗುತ್ತದಾ? ಬೆಳಿಗ್ಗೆ ನೀರು ಕುಡಿದ ಗಿಡ ಮಧ್ಯಾಹ್ನಕ್ಕೇ ಜೋತುಬಿದ್ದಿರುತ್ತದಾ? ಹಾಗಾದರೆ ಒಳಗೆ ಬರೀ ಬೇರು, ಮಣ್ಣು ಎಲ್ಲಿ ಉಳಿದಿದೆ! ದೊಡ್ಡ ಪಾಟ್ ತರಬಹುದು ಅನ್ನಿ. ಆದರೆ ತಾರಸಿಯ ಮೇಲೆ ಅದನ್ನು ಎತ್ತಿಡುವವರು ಯಾರು? ಅದರ ಬದಲು ಬೇರನ್ನೇ ಒಂದಿಷ್ಟು ಕತ್ತರಿಸಿ ಗಿಡವನ್ನು ಮತ್ತೆ ಅದೇ ಕುಂಡಕ್ಕೆ ಹಾಕಿ.

ಮಲ್ಲಿಗೆಗೆ ಡಿಸೆಂಬರ್-ಜನವರಿಯಲ್ಲಿ ರೆಂಬೆ ಸವರುತ್ತೇವಲ್ಲ, ಆಗಲೇ ಬೇರನ್ನೂ ಸವರಿಬಿಡಿ. ದಾಸವಾಳ, ಕರಿಬೇವಿಗೆ ಮುಂಗಾರು ಶುರುವಾದಾಗ. ಏಪ್ರಿಲ್ ಬಿಸಿಲಲ್ಲಿ ಮಾತ್ರ ಬೇಡವೇ ಬೇಡ. ಗಿಡದ ತುಂಬ ಮೊಗ್ಗಿರುವಾಗಲೂ ಕೈ ಹಾಕಬೇಡಿ.

ಹಿಂದಿನ ದಿನವೇ ನೀರು ಹಾಕಿರಿ. ಮರುದಿನ ಸಂಜೆ, ಬಿಸಿಲಿಳಿದ ಮೇಲೆ, ತೊಳೆದ ಚಾಕುವನ್ನು ಕುಂಡದ ಒಳಗೋಡೆಗೆ ತಾಗಿಸಿ ಸುತ್ತಲೂ ಆಡಿಸಿ. ಕುಂಡ ಅಡ್ಡ ಮಲಗಿಸಿ ತಟ್ಟಿದರೆ ಗಿಡ ಮಣ್ಣಿನ ಸಮೇತ ಜಾರಿ ಬರುತ್ತದೆ. ಕಾಂಡ ಹಿಡಿದು ಜಗ್ಗಬೇಡಿ. ಹಗ್ಗದ ಸಿಂಬಿಯ ಹಾಗೆ ಸುತ್ತಿಕೊಂಡ ಬೇರು ಮೊದಲು ಹೋಗಲಿ, ಜೊತೆಗೆ ಕಪ್ಪಾಗಿ ಮೆತ್ತಗಾದದ್ದೂ. ತಳ, ಪಕ್ಕ ಎಲ್ಲ ಸೇರಿ ಕಾಲು ಭಾಗ ತೆಗೆದರೆ ಸಾಕು. ಗಿಡ ತುಂಬಾ ಗಟ್ಟಿಯಾಗಿದ್ದರೆ ಮೂರರಲ್ಲೊಂದು ಪಾಲು, ಅದಕ್ಕಿಂತ ಜಾಸ್ತಿ ಬೇಡ. ಬುಡದ ದಪ್ಪ ಬೇರು ಮುಟ್ಟಬೇಡಿ. ನೀರು ಹೀರುವುದು ಎಳೆ ಬೇರು. ಕತ್ತರಿಸಿದ ಕಡೆಯಿಂದ ಅದು ಹೊಸದಾಗಿ ಒಡೆಯುತ್ತದೆ.

ಇನ್ನು ಮೇಲಿನ ರೆಂಬೆ. ಬೇರು ಎಷ್ಟು ತೆಗೆದಿರೋ ಹೆಚ್ಚುಕಮ್ಮಿ ಅಷ್ಟೇ ರೆಂಬೆಯನ್ನೂ ತೆಗೆಯಬೇಕು. ಎಲೆಗಳಿಂದ ನೀರು ಆರುತ್ತಲೇ ಇರುತ್ತದೆ, ಅಷ್ಟನ್ನು ಒದಗಿಸಲು ಈಗ ಕೆಳಗೆ ಬೇರಿಲ್ಲ. ‘ಪಾಪ, ಚೆನ್ನಾಗಿ ಚಿಗುರಿದೆ’ ಅಂತ ಬಿಟ್ಟರೆ ಗಿಡವೇ ಬಾಡುತ್ತದೆ.

ತೂತಿನ ಮೇಲೆ ಹೆಂಚಿನ ಚೂರಿಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ಗಿಡವನ್ನು ಕುಂಡದಲ್ಲಿ ಕೂರಿಸಿ. ಬೇರಿನ ಸಂದಿಗೆ ಕಡ್ಡಿಯಿಂದ ಮಣ್ಣು ಇಳಿಸಿ, ನೀರು ಹಾಕಿ, ಹತ್ತು ದಿನ ನೆರಳಲ್ಲಿಡಿ. ಆಮೇಲೆ ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು. ನಾಲ್ಕು ಎಲೆ ಉದುರಿದರೆ ಗಾಬರಿಯಾಗಿ ಡಿಎಪಿ, ಯೂರಿಯಾ ಸುರಿಯಬೇಡಿ. ಒಂದು ತಿಂಗಳು ಅದರ ಸುದ್ದಿಯೇ ಬೇಡ.

ಪಾಮ್ ಗಿಡಗಳಿಗೆ ಈ ಉಪಚಾರ ಆಗಿಬರುವುದಿಲ್ಲ. ಬೋಗನ್‌ವಿಲ್ಲಾದ ಬೇರು ನಾಜೂಕು, ಅದಕ್ಕೆ ಇಕ್ಕಟ್ಟೇ ಇಷ್ಟ, ಸುಮ್ನೆ ಬಿಟ್ಟುಬಿಡಿ. ಕಡ್ಡಿಯಾದ ತುಳಸಿಗೆ ಇಷ್ಟೆಲ್ಲ ಪಾಡು ಪಡುವ ಬದಲು ಅದರದೇ ಬೀಜ ಉದುರಿಸಿದರೆ ಆಯ್ತು. ಕರಿಬೇವಿನದು ಬೇರೆ ಕಥೆ. ಬೇರಿಗೆ ಪೆಟ್ಟು ಬಿದ್ದ ಕಡೆ ಮರಿಗಿಡ ಏಳುವುದುಂಟು. ಗೇಣುದ್ದ ಆದ ಮೇಲೆ ಬೇರು ಸಮೇತ ಬಿಡಿಸಿ ಬೇರೆ ಕುಂಡಕ್ಕೆ ಹಾಕಿ. ಕರಿಬೇವಿನ ಗಿಡ ಬೇಕು ಅನ್ನುವವರು ಬೀದಿಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ.